ಹತ್ತು ಬೆರಳಿನ ವೀಸಾ

ನಮ್ಮ ಮನೆಯಲ್ಲಿ ಸರ್ಕಾರ ಗುರುತು ಹಿಡಿಯುತ್ತಿದ್ದ ಮನುಷ್ಯ ನಾನೊಬ್ಬನೇ. ಇದು ಜಂಬದ ಮಾತಲ್ಲ, ಪ್ರತಿ ತಿಂಗಳು ನಲ್ಲಪ್ಪನ ರೇಷನ್ ಅಂಗಡಿಯಲ್ಲಿ ಕ್ಯೂನಲ್ಲಿ ನಿಂತವರೆಲ್ಲರ ಎದುರು ಸಾಬೀತಾಗುತ್ತಿದ್ದ ಸಂಗತಿ. ನನ್ನ ಅಮ್ಮ ಆಂಜಿನಮ್ಮ ಹೆಬ್ಬೆಟ್ಟು ಇಟ್ಟರೆ ಮಿಷನ್ನು ಕುಂಯ್ ಎಂದು ಕೆಂಪು ದೀಪ ತೋರಿಸುತ್ತಿತ್ತು. ನನ್ನ ಹೆಂಡತಿ ತನುಜ ಇಟ್ಟರೂ ಅಷ್ಟೇ. ಮಗಳು ಗೌತಮಿ ಚಿಂತಾಮಣಿಯ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಓದುವವಳು, ಅವಳು ಅಕ್ಕಿಗೆ ಬರುವಂತಿಲ್ಲ. ಕೊನೆಗೆ ನಾನು ಮುಂದೆ ಬಂದು, ಬಿಳಿ ಅಂಗಿಯ ತೋಳು ಮಡಚಿ ಹೆಬ್ಬೆಟ್ಟು ಒತ್ತಿದರೆ ಟಿಂಗ್ ಎಂದು ಹಸಿರು ದೀಪ ಹತ್ತಿ ಚೀಟಿ ಹೊರಗೆ ಬರುತ್ತಿತ್ತು.

"ಒಬ್ಬನಾದ್ರೂ ಇದೀಯಲ್ಲಪ್ಪ ಮನೇಲಿ" ಎನ್ನುತ್ತಾ ನಲ್ಲಪ್ಪ ಅಕ್ಕಿ ತೂಗುತ್ತಿದ್ದ. ನಾನು ತಿರುಗಿ ತನುಜಳ ಮುಖ ನೋಡುತ್ತಿದ್ದೆ. ಅವಳು ಚೀಲದ ಬಾಯಿ ಬಿಡಿಸಿ ಹಿಡಿಯುತ್ತಿದ್ದಳು.

ನನ್ನ ಗೆರೆಗಳು ಅಷ್ಟು ಚೆನ್ನಾಗಿ ಉಳಿದಿದ್ದಕ್ಕೆ ಕಾರಣವಿತ್ತು. ನಾನು ಸೈಟ್ ಬ್ರೋಕರ್. ನಮ್ಮ ಜಿಲ್ಲೆಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಓಡಾಡುವವರಲ್ಲಿ ಅರ್ಧ ಜನ ಇದೇ ಕಸುಬಿನವರು. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಎದುರು ಟೀ ಅಂಗಡಿಯಲ್ಲಿ ಕೂತು ಚಿಕ್ಕಬಳ್ಳಾಪುರದ ಸೈಟನ್ನು ಗೌರಿಬಿದನೂರಿನವರಿಗೂ ಗೌರಿಬಿದನೂರಿನ ಸೈಟನ್ನು ಚಿಂತಾಮಣಿಯವರಿಗೂ ಫೋನಿನಲ್ಲಿ ತೋರಿಸುವುದು ನನ್ನ ಕೆಲಸ. ಮಂಚೇನಹಳ್ಳಿ ತಾಲ್ಲೂಕು ಆದ ಮೇಲೆ ಅಲ್ಲಿಯದನ್ನೂ ತೋರಿಸತೊಡಗಿದ್ದೆ. ಒಂದೂವರೆ ವರ್ಷದಿಂದ ಒಂದು ಸೈಟೂ ಕೈ ಬದಲಾಯಿಸಿರಲಿಲ್ಲ. ಫೋನಿನ ಗಾಜು ಸವರುವುದರಿಂದ ಬೆರಳಿನ ಗೆರೆ ಸವೆಯುವುದಿಲ್ಲ.

ತನುಜ ಹದಿನಾರನೇ ವಯಸ್ಸಿನಿಂದ ಸುನೀಲ್‌ಕುಮಾರ್ ಅವರ ರೀಲಿಂಗ್ ಯೂನಿಟ್ಟಿನಲ್ಲಿ ಬೇಸಿನ್ ಮುಂದೆ ನಿಂತವಳು. ಬೇಯಿಸಿದ ರೇಷ್ಮೆಗೂಡುಗಳನ್ನು ಬಿಸಿನೀರಿನ ಬೇಸಿನ್ನಿಗೆ ಹಾಕಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಿ ತೆಗೆದು, ಎಂಟು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡಿ ರಾಟೆಗೆ ಹತ್ತಿಸಬೇಕು. ಗ್ಲೌಸ್ ಹಾಕಿಕೊಂಡರೆ ಎಳೆ ಸಿಗುವುದಿಲ್ಲ. ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ಅದ್ದಿದ ಅವಳ ಬೆರಳುಗಳು ನುಣ್ಣಗೆ, ಬೆಳ್ಳಗೆ, ಸುಲಿದಿಟ್ಟ ಬೆಳ್ಳುಳ್ಳಿ ಎಸಳಿನ ಹಾಗಾಗಿದ್ದವು. ಶಿಡ್ಲಘಟ್ಟದಲ್ಲಿ ಅದೊಂದು ವಿಶೇಷವೇ ಅಲ್ಲ. ನಮ್ಮ ಬೀದಿಯಲ್ಲಿ ಹತ್ತು ಮನೆಗೆ ಆರು ಮನೆಯಲ್ಲಿ ಅಂಥ ಕೈಗಳಿವೆ.

ಅಂಥ ಕೈಗೆ ಫಾರಿನ್‌ನಿಂದ ಕರೆ ಬಂತು. ಸುನೀಲ್‌ಕುಮಾರ್ ಅವರು ಬೆಟ್ಟಗುಡ್ಡಗಳ ಯಾವುದೋ ದೇಶದಲ್ಲಿ ಪಾಲುದಾರರ ಜೊತೆ ಹೊಸ ರೀಲಿಂಗ್ ಮಿಲ್ಲು ತೆಗೆಯುತ್ತಿದ್ದರು. ಅಲ್ಲಿಯವರು ಹಿಪ್ಪುನೇರಳೆ ಬೆಳೆದಿದ್ದರು, ಗೂಡು ಕಟ್ಟಿಸಿದ್ದರು, ಮಿಷನ್ನು ತಂದಿದ್ದರು. ನೂಲು ತೆಗೆಯುವುದು ಹೇಗೆಂದು ಹೇಳಿಕೊಡುವವರು ಮಾತ್ರ ಇರಲಿಲ್ಲ. ಎರಡು ವರ್ಷಕ್ಕೆ ತನುಜಳನ್ನು ಟ್ರೈನರ್ ಎಂದು ಕರೆದೊಯ್ಯುವುದಾಗಿ ಸಾಹುಕಾರರು ಹೇಳಿದರು. ಆ ದೇಶದ ಹೆಸರು ನಮ್ಮ ಬೀದಿಯಲ್ಲಿ ಯಾರ ನಾಲಿಗೆಗೂ ಹೊರಳದ ಕಾರಣ ಎಲ್ಲರೂ ಫಾರಿನ್ ಎಂದರು. ಅಮ್ಮ ಮಾತ್ರ ದುಬೈ ಎಂದಳು, ಕೊನೆಯವರೆಗೂ ಅದನ್ನೇ ಹೇಳಿದಳು.

"ನಂಗೊಂದು ಕುರ್ಚಿ ಕೊಡ್ತಾರಂತೆ ಅಲ್ಲಿ" ಎಂದಳು ತನುಜ ಅವತ್ತು ಸಂಜೆ. "ನಿಂತ್ಕೊಂಡು ನಿಂತ್ಕೊಂಡು ಇಪ್ಪತ್ತು ವರ್ಷ ಆಯ್ತು ರೀ. ಕೂತ್ಕೊಂಡು ಹೇಳ್ಕೊಡ್ಬೇಕಂತೆ, ಅಷ್ಟೆ. ಗೌತಮಿನ ನರ್ಸಿಂಗಿಗೆ ಹಾಕ್ಬೋದು."

ಮಗಳ ಓದಿನ ಮಾತು ಬಂದಾಗ ಅವಳ ದನಿ ಸಾಧಾರಣವಾಗಿತ್ತು. ಕುರ್ಚಿಯ ಮಾತಿಗೆ ನಡುಗಿತು. ಅದನ್ನು ನಾನು ಗಮನಿಸಿದೆ, ಗಮನಿಸದವನಂತೆ ಫೋನ್ ನೋಡಿದೆ.

ನಮ್ಮ ಕಡೆ ಯಾವ ಕೆಲಸವಾದರೂ ಮೊದಲು ಆಗುವುದು ಫ್ಲೆಕ್ಸು. ಅರ್ಜಿ ಹಾಕಿದ ವಾರದಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರ ಇಪ್ಪತ್ತಡಿಯ ಫ್ಲೆಕ್ಸು ಎದ್ದಿತು. "ವಿದೇಶಕ್ಕೆ ತೆರಳುತ್ತಿರುವ ನಮ್ಮ ಶಿಡ್ಲಘಟ್ಟದ ಹೆಮ್ಮೆಯ ಶ್ರೀಮತಿ ತನುಜ ಮುನೇಶ್ ರವರಿಗೆ ಹಾರ್ದಿಕ ಶುಭಾಶಯಗಳು." ಮಧ್ಯದಲ್ಲಿ ಸುನೀಲ್‌ಕುಮಾರ್ ಅವರ ಮುಖ ಹಂಡೆಯಷ್ಟಿತ್ತು. ಪಕ್ಕದಲ್ಲಿ ಅವರ ಬಾಮೈದ, ಯೂನಿಟ್ಟಿನ ಮ್ಯಾನೇಜರ್ ರಮೇಶ್‌ಬಾಬು, ಕಪ್ಪು ಕನ್ನಡಕ ಹಾಕಿ ಫೋನ್ ಕಿವಿಗಿಟ್ಟುಕೊಂಡಿದ್ದ. ಕೆಳಗಡೆ ಶುಭ ಕೋರುವವರು ಹದಿನೆಂಟು ಜನ. ತನುಜಳ ಮುಖ ಮೂಲೆಯಲ್ಲಿ ಗೂಡಿನಷ್ಟಿತ್ತು. ನನ್ನದು ಇರಲಿಲ್ಲ. ಶಾಲು, ಪೇಟ, ಹಣ್ಣಿನ ಬುಟ್ಟಿಯ ಸನ್ಮಾನವೂ ಮುಗಿಯಿತು. ಇಷ್ಟಾದ ಮೇಲೆ ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಬನ್ನಿ ಎಂದು ಮೆಸೇಜು ಬಂತು.

ಆ ಕಚೇರಿ ಎಷ್ಟು ತಣ್ಣಗಿತ್ತೆಂದರೆ ಅಲ್ಲೇ ಫಾರಿನ್ ಶುರುವಾದಂತಿತ್ತು. ಕೌಂಟರಿನ ಹುಡುಗಿ ಗಾಜಿನ ಮೇಲೆ ಬಲಗೈ ಇಡಲು ಹೇಳಿದಳು. ಎಡಗೈ ಹೇಳಿದಳು. ಹೆಬ್ಬೆರಳು ಎರಡೂ ಹೇಳಿದಳು. ಒತ್ತಿ ಎಂದಳು, ಮೆಲ್ಲಗೆ ಎಂದಳು, ಒರೆಸಿಕೊಳ್ಳಿ ಎಂದಳು, ಏನೋ ಲೋಷನ್ ಹಚ್ಚಿದಳು. ಮಿಷನ್ನಿನಲ್ಲಿ ಹತ್ತು ಬಿಳಿ ಮಚ್ಚೆಗಳು ಬಿಟ್ಟರೆ ಏನೂ ಮೂಡಲಿಲ್ಲ.

"ಮೇಡಂ, ನಿಮ್ಮ ಬೆರಳಲ್ಲಿ ಏನೂ ಇಲ್ಲ" ಎಂದಳು ಹುಡುಗಿ.

"ಇಪ್ಪತ್ತು ವರ್ಷದ ಕೆಲ್ಸ ಐತಲ್ಲಮ್ಮ" ಎಂದಳು ತನುಜ.

ಹುಡುಗಿ ಪಾಪ ಒಳ್ಳೆಯವಳು, ಅರ್ಜಿ ತೆಗೆದು ನೋಡಿದಳು. ವೃತ್ತಿ ಎಂಬ ಕಡೆ 'ರೇಷ್ಮೆ ನೂಲು ತೆಗೆಯುವ ಕೈಕೆಲಸದಲ್ಲಿ ಪರಿಣತಿ' ಎಂದು ಬರೆದಿತ್ತು. ಕೈಯಲ್ಲಿ ಪರಿಣತಿ ಇದೆ ಎಂದು ಕಾಗದ ಹೇಳುತ್ತಿತ್ತು, ಕೈಯೇ ಇಲ್ಲ ಎಂದು ಮಿಷನ್ನು ಹೇಳುತ್ತಿತ್ತು. ಇಬ್ಬರಲ್ಲಿ ಮಿಷನ್ನಿನ ಮಾತೇ ನಡೆಯುತ್ತದೆ. ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ಬರಲು ಚೀಟಿ ಕೊಟ್ಟರು. ಬಿಸಿನೀರು ಮುಟ್ಟದಿದ್ದರೆ ಗೆರೆ ಮತ್ತೆ ಬರಬಹುದು ಎಂದು ಆ ಹುಡುಗಿಯೇ ಮೆಲ್ಲಗೆ ಹೇಳಿದಳು.

ಆಗ ನನಗೆ ಒಳಗೊಳಗೇ ಖುಷಿಯಾಯಿತು. ಅದನ್ನು ಮುಚ್ಚಿಟ್ಟರೆ ಈ ಕಥೆ ಹೇಳುವುದರಲ್ಲಿ ಅರ್ಥವಿಲ್ಲ. ಆ ಎರಡು ವಾರದಲ್ಲಿ ಟೀ ಅಂಗಡಿಯಲ್ಲಿ ನನ್ನ ಹೆಸರು ಮುನೇಶ್ ಎಂಬುದು ಹೋಗಿ ತನುಜನ ಗಂಡ ಎಂದಾಗಿತ್ತು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಅವಳಿಗೆ, "ಬಿಡು, ನಮ್ಗ್ಯಾಕೆ ಆ ಚಳಿ ದೇಶ" ಎಂದೆ. ಅವಳು ತನ್ನ ಹತ್ತು ಬೆರಳುಗಳನ್ನು ಮಡಿಲಲ್ಲಿ ಹರಡಿಕೊಂಡು ದೇವನಹಳ್ಳಿ ದಾಟುವವರೆಗೆ ಅವನ್ನೇ ನೋಡುತ್ತಿದ್ದಳು.

ಮಾರನೆಯ ದಿನ ಸುನೀಲ್‌ಕುಮಾರ್ ಅವರು ನಮ್ಮಿಬ್ಬರನ್ನೂ ಕರೆಸಿದರು. ಅವರು ಕೆಟ್ಟವರಲ್ಲ, ಅವಸರದವರು.

"ನೋಡಮ್ಮ ತನುಜ, ಎರಡು ತಿಂಗ್ಳು ಕಾಯ್ತೀನಿ. ಆ ಸಲಾನೂ ಬೆರಳು ಬರ್ಲಿಲ್ಲ ಅಂದ್ರೆ ರಮೇಶ್‌ಬಾಬುನ ಕಳಿಸ್ತೀನಿ. ಅಲ್ಲಿ ಮಿಲ್ಲು ನಿಲ್ಸಕ್ಕಾಗಲ್ಲ."

ರಮೇಶ್‌ಬಾಬು ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಬೇಸಿನ್ನಿಗೆ ಕೈ ಹಾಕಿದವನಲ್ಲ. ಆದರೆ ಅವತ್ತು ಇಂಕ್ ಪ್ಯಾಡಿಗೆ ಹತ್ತೂ ಬೆರಳು ಒತ್ತಿ, ಬಿಳಿ ಹಾಳೆಯ ಮೇಲೆ ಮೂಡಿಸಿ ತಂದು ಮೇಜಿನ ಮೇಲೆ ಇಟ್ಟಿದ್ದ. "ನಂದು ನೀಟಾಗವೆ ಭಾವ" ಎಂದ. ನಿಜವಾಗಿಯೂ ನೀಟಾಗಿದ್ದವು. ಯಾವ ಕೆಲಸಕ್ಕೂ ಬಳಸದೆ ಇಟ್ಟ ಸಾಮಾನು ಹಾಗೆಯೇ ಇರುತ್ತದೆ. ನನ್ನ ಬೆರಳೂ ಅದೇ ಜಾತಿಯವು ಎಂಬುದು ಆ ಕ್ಷಣಕ್ಕೆ ನನಗೆ ಹೊಳೆಯಲಿಲ್ಲ.

"ಬೇಸಿನ್ ಕಥೆ ಏನು ಸಾರ್?" ಎಂದು ತನುಜ ಕೇಳಿದಳು.

ನಮ್ಮ ಊರಿನ ಯೂನಿಟ್ಟುಗಳಲ್ಲಿ ಒಂದು ಪದ್ಧತಿ ಇದೆ. ಹೆರಿಗೆಗೋ ಕಾಯಿಲೆಗೋ ಹೋಗುವವಳು ತನ್ನ ಕಡೆಯವರನ್ನು ಬೇಸಿನ್ನಿಗೆ ನಿಲ್ಲಿಸಿ ಹೋದರೆ ಅವಳ ಜಾಗ ಅವಳದೇ. ಖಾಲಿ ಬಿಟ್ಟರೆ ವಾರದೊಳಗೆ ಬೇರೆಯವರ ಪಾಲು. ಅಕ್ಕನಿಗೆ ತಂಗಿ, ಅತ್ತೆಗೆ ಸೊಸೆ ನಿಲ್ಲುವುದು ವಾಡಿಕೆ. ತನುಜಳಿಗೆ ತಂಗಿ ಇಲ್ಲ. ಅಮ್ಮನಿಗೆ ಮಂಡಿ ನೋವು. ಸಾಹುಕಾರರು, ರಮೇಶ್‌ಬಾಬು, ತನುಜ, ಮೂವರೂ ನನ್ನ ಕಡೆ ತಿರುಗಿದರು. ನಾನು ಮಂಚೇನಹಳ್ಳಿಯಲ್ಲಿ ಪಾರ್ಟಿ ಕಾಯುತ್ತಿದ್ದಾರೆ ಎಂದೆ. ಮೂವರಲ್ಲಿ ಒಬ್ಬರೂ ನಂಬಲಿಲ್ಲ.

ಹಾಗೆ ನಾನು ಬಿಳಿ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಬೇಸಿನ್ ಮುಂದೆ ನಿಂತೆ. ಮೊದಲ ದಿನ ಬಿಸಿನೀರಿಗೆ ಬೆರಳು ಅದ್ದಿದಾಗ ಜೀವ ಬಾಯಿಗೆ ಬಂತು. ತನುಜ ಪಕ್ಕದಲ್ಲಿ, ಗೂಡು ಸುರಿಯುವ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿಕೊಂಡು ಕೂತಿದ್ದಳು. ಅವಳ ಎರಡೂ ಕೈಗೆ ಗೌತಮಿಯ ಸ್ಕೂಲ್ ಸಾಕ್ಸ್ ಹಾಕಿ, ಒಳಗೆ ಹರಳೆಣ್ಣೆ ಸವರಿ ಕಳಿಸಿದ್ದವಳು ಅಮ್ಮ.

"ನೀರು ನೋಡ್ಬೇಡಿ, ಗೂಡು ನೋಡಿ" ಎಂದಳು ತನುಜ. "ಬೆಂದಿರೋದ್ರ ಒಳಗಡೆ ಹುಳ ಮಸುಕಾಗಿ ಕಾಣ್ತದೆ. ಕಂಡ್ತಾ? ಅದನ್ನ ಹಿಡೀರಿ. ಎಳೀಬೇಡಿ, ಬರ್ತದೆ ಅದೇ."

ಬರಲಿಲ್ಲ. ಬಂದದ್ದು ಹಿಡಿ ತುಂಬಾ ಹತ್ತಿಯಂಥ ಗೋಜಲು. ಪಕ್ಕದ ಬೇಸಿನ್ನಿನ ರಾಮಲಕ್ಷ್ಮಮ್ಮ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕಳು. ತನುಜಳ ಸಾಕ್ಸ್ ಹಾಕಿದ ಕೈ ತಂತಾನೇ ನೀರಿನ ಕಡೆ ಹೋಯಿತು. ತಾನೇ ಅದನ್ನು ಇನ್ನೊಂದು ಕೈಯಿಂದ ಹಿಡಿದು ಎಳೆದುಕೊಂಡಳು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಎರಡು ತಿಂಗಳು ಹಾಗೆಯೇ ಕೂತಳು.

ಮನೆಯಲ್ಲಿ ನನ್ನ ಪಾಡು ಇನ್ನೂ ಚೆನ್ನಾಗಿತ್ತು. ಪಾತ್ರೆ ನನ್ನದು, ಬಟ್ಟೆ ನನ್ನದು. ಮುದ್ದೆ ತೊಳಸಲು ಅಮ್ಮನಿಗೆ ರಟ್ಟೆಯಲ್ಲಿ ಬಲವಿಲ್ಲ, ತನುಜ ಬಿಸಿ ಮುಟ್ಟುವಂತಿಲ್ಲ. ಕುದಿಯುವ ಹಿಟ್ಟನ್ನು ಕೋಲಿನಲ್ಲಿ ತಿರುವಿ, ಒದ್ದೆ ಕೈಯಲ್ಲಿ ಉಂಡೆ ಕಟ್ಟುವುದೂ ನನ್ನ ಪಾಲಿಗೆ ಬಂತು. ನಾನು ಕಟ್ಟಿದ ಮುದ್ದೆ ಒಂದೂ ದುಂಡಗಿರಲಿಲ್ಲ.

"ಏಮೋ ನಾಯನಾ, ನಮ್ಮ ಕಾಲ್ದಲ್ಲಿ ಗಂಡ್ಮಕ್ಳು ಮುದ್ದೆ ತಿಂತಿದ್ರು. ಈಗ ಕಟ್ತವ್ರೆ" ಎಂದಳು ಅಮ್ಮ, ತೆಲುಗು ಬೆರೆಸಿ. ತಿನ್ನುವುದನ್ನೇನೂ ಬಿಡಲಿಲ್ಲ.

ತನುಜಳ ಬೆರಳುಗಳು ಊರ ಆಸ್ತಿಯಾದವು. ಮೊದಲು "ಬಂತಾ?" ಎಂದು ವೀಸಾ ಬಗ್ಗೆ ಕೇಳುತ್ತಿದ್ದವರು ಈಗ "ಬಂತಾ?" ಎಂದು ಗೆರೆ ಬಗ್ಗೆ ಕೇಳತೊಡಗಿದರು. ಒಬ್ಬರು ಬೆಣ್ಣೆ ಹಚ್ಚಿ ಎಂದರು, ಒಬ್ಬರು ಲೋಳೆಸರ ತಂದುಕೊಟ್ಟರು. ಗೌತಮಿ ಹಾಸ್ಟೆಲಿನಿಂದ ಫೋನ್ ಮಾಡಿ ದಿನಕ್ಕೊಂದು ಹೊಸ ಕ್ರೀಮಿನ ಹೆಸರು ಹೇಳುತ್ತಿದ್ದಳು. ಫ್ಲೆಕ್ಸಿನಲ್ಲಿ ಹೆಸರಿದ್ದ ಹದಿನೆಂಟು ಜನರಿಗೆ ನಾಚಿಕೆ ಶುರುವಾಗಿತ್ತು. ಶುಭಾಶಯ ಕೋರಿ ತಿಂಗಳಾದರೂ ಆಸಾಮಿ ಸಂತೆಯಲ್ಲಿ ಟೊಮೆಟೊ ಆರಿಸುತ್ತಿದ್ದರೆ ಕೋರಿದವರ ಮರ್ಯಾದೆ ಏನಾಗಬೇಕು. ಅವರಲ್ಲೊಬ್ಬರಾದ ಎರ್ರಪ್ಪನವರು ಒಂದು ದಿನ ಅವಳನ್ನು ದಾರಿಯಲ್ಲಿ ತಡೆದು, "ಸ್ವಲ್ಪ ದಿನ ಹೊರಗೆ ಕಾಣಿಸ್ಕೊಬೇಡಮ್ಮ, ಜನ ನಮ್ಮನ್ನ ಕೇಳ್ತಾರೆ" ಎಂದರಂತೆ. ಬಿಸಿಲಿಗೆ ಫ್ಲೆಕ್ಸಿನ ಬಣ್ಣ ಹೋಗುತ್ತಿತ್ತು. ಮೊದಲು ಮಾಸಿದ್ದು ಮೂಲೆಯಲ್ಲಿದ್ದ ಅವಳ ಮುಖ.

ನಾಲ್ಕನೇ ವಾರದ ಹೊತ್ತಿಗೆ ನನಗೆ ಎಳೆ ಸಿಗತೊಡಗಿತು. ಹೇಗೆಂದು ನನಗೇ ಗೊತ್ತಿಲ್ಲ. ಬೆರಳ ತುದಿಗೆ ಏನೋ ತಾಗಿದಂತಾಗುತ್ತಿತ್ತು, ಹಿಡಿದರೆ ಬರುತ್ತಿತ್ತು. ತನುಜ ನೂಲನ್ನು ಮುಟ್ಟದೆಯೇ ಕಣ್ಣಲ್ಲಿ ಓದುತ್ತಿದ್ದಳು.

"ಏಳೇ ಓಡ್ತಾ ಅವೆ. ಒಂದು ಗೂಡು ಮುಗೀತು ನೋಡಿ, ಎಡಗಡೆದು. ಇನ್ನೊಂದು ಹಾಕಿ. ಏಳರಲ್ಲಿ ಓಡ್ಸಿದ್ರೆ ಮಗ್ಗದಲ್ಲಿ ಕಿತ್ಕೊಳ್ತದೆ. ಬೈಸ್ಕೊಳ್ಳೋದು ಆ ನೇಯೋರು, ನಾವಲ್ಲ."

ಇಪ್ಪತ್ತು ವರ್ಷ ಅವಳು ಮಾಡಿದ ಕೆಲಸವನ್ನು ನಾನು ನೋಡಿರಲೇ ಇಲ್ಲ. ಸಂಜೆ ಅವಳು ಹುಳದ ವಾಸನೆ ಹೊತ್ತು ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದೆ, ಅಷ್ಟೇ. ಈಗ ನನ್ನ ಬೆರಳ ಸಂದುಗಳು ಬಿರಿದಿದ್ದವು. ಉಪ್ಪು ಖಾರ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಊಟಕ್ಕೆ ಕೂತಾಗ ಒಂದು ದಿನ ನಾನು ಸಾರಿಗೆ ಕೈ ಹಾಕಲಾಗದೆ ಸುಮ್ಮನೆ ಕೂತೆ. ಅವಳು ನೋಡಿ, ಎದ್ದು ಹೋಗಿ ಚಮಚ ತಂದುಕೊಟ್ಟಳು. ಇಪ್ಪತ್ತು ವರ್ಷದಲ್ಲಿ ನಾನು ಅವಳಿಗೆ ಒಂದು ಚಮಚ ತಂದುಕೊಟ್ಟ ನೆನಪಿಲ್ಲ. ಅವತ್ತು ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಇವಳು ಹೋಗಬೇಕು, ಕುರ್ಚಿಯಲ್ಲಿ ಕೂರಬೇಕು ಎಂದು ಮೊದಲ ಸಲ ಮನಸ್ಸಾರೆ ಅನ್ನಿಸಿತು.

ಏಳನೇ ವಾರ ಸಾಕ್ಸ್ ತೆಗೆದು ಬಾಗಿಲ ಬೆಳಕಿಗೆ ಕೈ ಹಿಡಿದು ನೋಡಿದೆವು. ಬಲಗೈ ಹೆಬ್ಬೆರಳಿನಲ್ಲಿ, ಬಾಣಲೆಯಲ್ಲಿ ಈಗ ತಾನೇ ಕೆನೆ ಕಟ್ಟಿದ ಹಾಲಿನ ಮೇಲಿನ ಸುಕ್ಕಿನಂತೆ, ಸಣ್ಣ ಗೆರೆಗಳು. ಒಂದರ ಸುತ್ತ ಒಂದು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ ಅವಳ ಬೆರಳಿಗೆ ದೃಷ್ಟಿ ತೆಗೆದಳು.

ಬೆಂಗಳೂರಿಗೆ ಹೋಗಲು ಇನ್ನು ಐದು ದಿನ ಇತ್ತು. ಅವತ್ತು ಬುಧವಾರ. ಸುನೀಲ್‌ಕುಮಾರ್ ಅವರು ಅವಸರದಲ್ಲಿ ಒಳಗೆ ಬಂದರು. ಹಿಂದೆ ಲ್ಯಾಪ್‌ಟಾಪ್ ಹಿಡಿದ ರಮೇಶ್‌ಬಾಬು.

"ತನುಜಮ್ಮ, ಅಲ್ಲಿ ಮಿಲ್ಲಿನ ಮೇಡಂ ವೀಡಿಯೋ ಕಾಲಿಗೆ ಬರ್ತಾವ್ರೆ. ಬರೋ ಟ್ರೈನರ್ ಕೆಲ್ಸ ಕಣ್ಣಲ್ಲಿ ನೋಡ್ಬೇಕಂತೆ. ಹತ್ತು ನಿಮಿಷ ಬೇಸಿನ್ನಿಗೆ ಕೈ ಹಾಕಿಬಿಡು."

ತನುಜ ಎದ್ದು ನಿಂತಳು.

"ಕೈ ಹಾಕಿದ್ರೆ ಬಂದಿರೋ ಗೆರೆ ಹೋಯ್ತವೆ ಸಾರ್. ಹೊಸ ಚರ್ಮ, ತಡಿಯಲ್ಲ. ಸೋಮವಾರ ಮಿಷನ್ನಿಗೆ ಏನ್ ತೋರಿಸ್ಲಿ?"

"ಹಾಕ್ದೆ ಇದ್ರೆ ಮೇಡಂಗೆ ಏನ್ ತೋರಿಸ್ಲಿ ನಾನು?"

ಅವಳು ಬೇಸಿನ್ ನೋಡಿದಳು, ಕೈ ನೋಡಿಕೊಂಡಳು. ಅವಳ ಕಣ್ಣು ತುಂಬಿತು. ಕೆಲಸ ಬರುತ್ತದೆ ಎಂದು ತೋರಿಸಿದರೆ ವೀಸಾ ಇಲ್ಲ, ವೀಸಾ ಬೇಕೆಂದರೆ ಕೆಲಸ ತೋರಿಸುವಂತಿಲ್ಲ. ಇಂಥ ಲೆಕ್ಕವನ್ನು ಯಾವ ಕಚೇರಿಯೂ ಕೂತು ಮಾಡಿದ್ದಲ್ಲ, ಅದಾಗಿ ಅದೇ ಆಗಿಬಿಡುತ್ತದೆ. ಅದಕ್ಕೆ ಬಯ್ಯಲೂ ಯಾರೂ ಸಿಗುವುದಿಲ್ಲ.

"ನಾನು ತೋರಿಸ್ತೀನಿ ಬಿಡಿ ಭಾವ" ಎಂದ ರಮೇಶ್‌ಬಾಬು.

ಗೂಡಿನ ಕ್ರೇಟುಗಳ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಅದರಲ್ಲಿ ಬೆಳ್ಳಿಕೂದಲಿನ, ದಪ್ಪ ಸ್ವೆಟರಿನ ಹೆಂಗಸೊಬ್ಬರು ಕಾಣಿಸಿಕೊಂಡು ಇಂಗ್ಲಿಷಿನಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿದರು. ಸೈಟ್ ಮಾರುವಷ್ಟು ಇಂಗ್ಲಿಷ್ ನನಗೂ ಅರ್ಥವಾಗುತ್ತದೆ. ರಮೇಶ್‌ಬಾಬು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿದ, ಅಂಗಿ ತೋಳು ಮಡಚಿದ, ಬೇಸಿನ್ನಿಗೆ ಕೈ ಅದ್ದಿ ಅಷ್ಟೇ ಬೇಗ ತೆಗೆದ. ಎರಡನೇ ಸಲ ಪೆನ್ನಿನಿಂದ ಗೂಡುಗಳನ್ನು ತಳ್ಳಿ ನೋಡಿದ. ಒಂದು ಎಳೆ ಸಿಕ್ಕಿತು, ಕಿತ್ತುಹೋಯಿತು. ಇನ್ನೊಂದು ಸಿಕ್ಕಿತು, ಅದೂ ಕಿತ್ತುಹೋಯಿತು. ಬಿಸಿಯಲ್ಲಿ ಹೆಚ್ಚು ಹೊತ್ತಿದ್ದ ಗೂಡುಗಳು ಮೆತ್ತಗಾಗಿ ತಳ ಸೇರತೊಡಗಿದವು.

"ಇವತ್ತು ಗೂಡು ಸರಿಯಿಲ್ಲ" ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ.

ಬೆಳಿಗ್ಗೆ ಮಾರ್ಕೆಟ್ಟಿನಿಂದ ಬಂದ ಒಳ್ಳೆಯ ಗೂಡು ಅದು. ಹಾಳಾಗುವುದನ್ನು ನೋಡಲಾರದೆ ತನುಜ ಎರಡು ಹೆಜ್ಜೆ ಮುಂದೆ ಬಂದಳು. ಅವಳ ಬಲಗೈಯ ಸಾಕ್ಸ್ ಅರ್ಧ ಬಿಚ್ಚಿತ್ತು. ನಾನು ಅಡ್ಡ ನಿಂತೆ. ಬದುಕಿನಲ್ಲಿ ಹೆಂಡತಿಗೆ ಅಡ್ಡ ನಿಂತದ್ದು ಎಷ್ಟೋ ಸಲ, ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

"ನಾನ್ ಹಾಕ್ತೀನಿ. ನೀನು ಹೇಳು" ಎಂದೆ.

ರಮೇಶ್‌ಬಾಬುವನ್ನು ಸರಿಸಿ ನಿಂತೆ. ತನುಜ ಮತ್ತೆ ಕ್ರೇಟಿನ ಮೇಲೆ ಕೂತಳು, ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಎದುರಿಗೆ ಲ್ಯಾಪ್‌ಟಾಪ್ ಇದೆ ಎಂಬುದನ್ನೇ ಮರೆತವಳಂತೆ ದಿನದ ಹಾಗೆ ಶುರು ಮಾಡಿದಳು.

"ತಳಕ್ಕೆ ಹೋಗಿರೋವು ಬಿಡಿ, ಮೇಲಿರೋವು ತಗೊಳ್ಳಿ. ತಣ್ಣೀರು ಒಂದ್ ಚೊಂಬು ಹಾಕಿ. ಸಾಕು. ಈಗ ಕಡ್ಡಿ ಆಡಿಸಿ. ಬಂತಾ? ನಾಕು. ಐದು. ಅದು ಜೋಡಿ ಎಳೆ, ಬಿಡಿಸಿ. ಎಂಟಾಯ್ತು, ಹತ್ತಿಸಿ."

ನೂಲು ರಾಟೆಗೆ ಹತ್ತಿತು. ಓಡಿತು. ಕಿತ್ತುಹೋಗಲಿಲ್ಲ. ಅವಳು ಹೇಳುತ್ತಾ ಹೋದಳು, ನಾನು ಹಾಕುತ್ತಾ ಹೋದೆ. ಹತ್ತು ನಿಮಿಷವೋ ಇಪ್ಪತ್ತು ನಿಮಿಷವೋ ನೆನಪಿಲ್ಲ. ರಾಮಲಕ್ಷ್ಮಮ್ಮ ತನ್ನ ಬೇಸಿನ್ ಬಿಟ್ಟು ಬಂದು ನೋಡುತ್ತಿದ್ದಳು. ಈ ಸಲ ಅವಳು ನಗಲಿಲ್ಲ.

ಬೆಳ್ಳಿಕೂದಲಿನ ಮೇಡಂ ಮುಖ ಪರದೆಯ ತುಂಬಾ ಹತ್ತಿರ ಬಂದಿತ್ತು. ಈ ಮನುಷ್ಯ ಎಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾನೆ ಎಂದು ಅವರು ಕೇಳಿದರು.

"ಏಳು ವಾರ" ಎಂದರು ಸುನೀಲ್‌ಕುಮಾರ್.

ಅವರಿಗೆ ನಂಬಿಕೆ ಬರಲಿಲ್ಲ. ವರ್ಷ ಕೇಳಿದೆ, ವಾರವಲ್ಲ ಎಂದರು. ಸಾಹುಕಾರರು ಮತ್ತೆ ಏಳು ವಾರ ಎಂದರು. ಹಾಗಾದರೆ ಕಲಿಸಿದವರು ಯಾರು ಎಂದು ಕೇಳಿದರು. ನಮ್ಮ ಸಂಸ್ಥೆಯಲ್ಲಿ ತರಬೇತಿಗೆಂದೇ ಒಂದು ವ್ಯವಸ್ಥೆ ಇದೆ ಎಂದು ರಮೇಶ್‌ಬಾಬು ಬಾಯಿ ತೆಗೆದ. ಅವನು ಮುಗಿಸುವ ಮೊದಲು ನಾನು ಒದ್ದೆ ಕೈಯಲ್ಲೇ ಕ್ರೇಟಿನ ಕಡೆ ತೋರಿಸಿದೆ.

"ಮೈ ವೈಫ್. ಟೀಚರ್" ಎಂದೆ. ನನ್ನ ಇಂಗ್ಲಿಷ್‌ನಿಂದ ಆದ ಮೊದಲ ವ್ಯಾಪಾರ ಅದು.

ಆ ಮೇಡಂ ಬಹಳ ಹೊತ್ತು ತನುಜಳನ್ನು ನೋಡಿದರು. ಅವರ ಕೈಗೆ ಏನಾಗಿದೆ, ಸಾಕ್ಸ್ ಯಾಕೆ ಎಂದು ಕೇಳಿದರು. ಸಾಹುಕಾರರು ತಡವರಿಸುತ್ತಾ ವೀಸಾದ ಕಥೆ ಹೇಳಿದರು. ಕೇಳಿ ಅವರು ನಗಲಿಲ್ಲ. ತಮ್ಮ ಮಿಲ್ಲಿಗೆ ಕೈ ಬೇಕಿಲ್ಲ, ಅಲ್ಲಿ ಅರವತ್ತು ಹುಡುಗಿಯರ ಕೈಗಳಿವೆ, ಹೀಗೆ ಹೇಳಿಕೊಡುವ ಬಾಯಿ ಬೇಕು, ಬಂದರೆ ಇವರೇ ಬರಲಿ ಎಂದರು. ಭಾಷೆ ಬರದ ಹುಡುಗಿಯರಿಗೆ ಈ ಬಾಯಿ ಹೇಗೆ ಹೇಳಿಕೊಡುತ್ತದೆ ಎಂದು ರಮೇಶ್‌ಬಾಬು ಕೇಳಿದ. ಬೇಸಿನ್ ಭಾಷೆ ಬಾರದ ಗಂಡನಿಗೇ ಕಲಿಸಿದ್ದಾರಲ್ಲ ಎಂದರು ಮೇಡಂ.

ಸೋಮವಾರ ಬೆಂಗಳೂರಿನಲ್ಲಿ ಗಾಜಿನ ಮೇಲೆ ಹತ್ತು ಬೆರಳೂ ಮೂಡಿದವು. ಅದೇ ಹುಡುಗಿ ಕೌಂಟರಿನಲ್ಲಿದ್ದಳು. ಪರದೆಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿದಳು. ತನುಜ ಅದನ್ನು ನೋಡಿ, "ನನ್ವೇನಮ್ಮ ಇವು?" ಎಂದು ಎರಡು ಸಲ ಕೇಳಿದಳು. ಮೂರನೇ ವಾರ ವೀಸಾ ಬಂತು. ಹೊಸ ಫ್ಲೆಕ್ಸು ಎದ್ದಿತು. ಸುನೀಲ್‌ಕುಮಾರ್ ಅವರ ಮುಖ ಅಷ್ಟೇ ಇತ್ತು, ತನುಜಳದು ಸ್ವಲ್ಪ ದೊಡ್ಡದಾಗಿತ್ತು, ರಮೇಶ್‌ಬಾಬು ಕನ್ನಡಕ ತೆಗೆದಿದ್ದ. ಹಳೆಯ ಫ್ಲೆಕ್ಸನ್ನು ಅಮ್ಮ ಕೇಳಿ ತಂದು ಸೌದೆಯ ಮೇಲೆ ಹೊದಿಸಿದಳು.

ಹೊರಡುವ ವಾರ ರೇಷನ್ ದಿನ ಬಂತು. ಇಬ್ಬರೂ ಚೀಲ ಹಿಡಿದು ಹೋದೆವು. ಕ್ಯೂನಲ್ಲಿದ್ದವರು ಅವಳಿಗೆ ದಾರಿ ಬಿಟ್ಟರು, ನನಗೂ ಬಿಟ್ಟರು. ಹಿಂದಿನ ತಿಂಗಳು ನಾಲ್ಕನೇ ಸಲಕ್ಕಾದರೂ ಹಸಿರು ದೀಪ ಹತ್ತಿತ್ತು. ನಾನು ಅಭ್ಯಾಸದ ಪ್ರಕಾರ ಮುಂದೆ ಬಂದು ಹೆಬ್ಬೆಟ್ಟು ಒತ್ತಿದೆ.

ಮಿಷನ್ನು ಕುಂಯ್ ಎಂದಿತು.

ಒರೆಸಿಕೊಂಡು ಇಟ್ಟೆ. ಕುಂಯ್. ಎಡಗೈ ಇಟ್ಟೆ. ತೋರುಬೆರಳು ಇಟ್ಟೆ. ಎಲ್ಲಾ ಇಟ್ಟೆ. ಪ್ರತಿ ಸಲ ಕೆಂಪು ದೀಪ. ನಲ್ಲಪ್ಪ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ನುಣ್ಣಗೆ, ಬೆಳ್ಳಗೆ ಇತ್ತು.

"ನಿಂದೂ ಹೋಯ್ತಾ ಮುನೇಶಪ್ಪ" ಎಂದ. ಹಿಂದೆ ನಿಂತವರು ನಕ್ಕರು. ಇಷ್ಟು ವರ್ಷ ನಾನು ತಿರುಗಿ ನೋಡಿದಾಗ ತನುಜಳಿಗೆ ಏನನ್ನಿಸಿರಬಹುದು ಎಂದು ನನಗೆ ಆಗ ತಿಳಿಯಿತು. ಮುಖ ಎಲ್ಲಿ ಇಡುವುದೆಂದು ತಿಳಿಯದೆ ನಾನು ಚೀಲದ ಬಾಯಿ ಬಿಡಿಸಿ ಹಿಡಿದುಕೊಂಡೆ.

ತನುಜ ಮುಂದೆ ಬಂದಳು. ಸೆರಗಿಗೆ ಹೆಬ್ಬೆರಳು ಒರೆಸಿ, ಗಾಜಿನ ಮೇಲೆ ಮೆಲ್ಲಗೆ ಇಟ್ಟಳು. ಟಿಂಗ್ ಎಂದು ಹಸಿರು ದೀಪ ಹತ್ತಿತು. ಚೀಟಿ ಹೊರಗೆ ಬಂತು. ಅದರ ಮೇಲೆ ಅವಳ ಹೆಸರಿತ್ತು.

ಅವಳು ಕೈ ತೆಗೆಯಲಿಲ್ಲ.

"ಇನ್ನೊಂದ್ ಸಲ ಇಡ್ಲಾ ನಲ್ಲಪ್ಪಣ್ಣ?"

"ತಿಂಗ್ಳಿಗೆ ಒಂದೇ ಸಲ ಕಣಮ್ಮ."

ಇಪ್ಪತ್ತು ವರ್ಷ ಅವಳು ದುಡಿದ ಊರು ಅವಳ ಗುರುತು ಹಿಡಿದದ್ದು ಅವಳು ಬಿಟ್ಟು ಹೊರಟ ವಾರದಲ್ಲಿ, ಅದೂ ಎರಡು ತಿಂಗಳು ದುಡಿಯದೆ ಕೂತಿದ್ದಕ್ಕೆ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ನಲ್ಲಪ್ಪನಿಗೆ ಸರಿಯಾಗಿ ತೂಗು ಎಂದು ಗದರಿದೆ. ಅವನು ಸರಿಯಾಗಿಯೇ ತೂಗುತ್ತಿದ್ದ.

ಅಕ್ಕಿ ಚೀಲ ಹೊತ್ತು ನಾನು ಮುಂದೆ ನಡೆದೆ. ಅವಳು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಬ್ಯಾಗಿನಲ್ಲಿ ಪಾಸ್‌ಪೋರ್ಟಿನ ಒಳಗೆ ಇಟ್ಟುಕೊಳ್ಳುತ್ತಾ ಬಂದಳು.

"ಮುಂದಿನ ತಿಂಗ್ಳು ತಂಬ್ ಯಾರ್ ಕೊಡೋದೇ?" ಎಂದೆ.

"ನೀವು ಬೇಸಿನ್ ಬಿಡ್ಬೇಡಿ, ಆ ಜಾಗ ನಿಮ್ಗೇ ಅಂತ ಸಾರ್ ಹೇಳವ್ರೆ. ಗೌತಮಿ ಇನ್ಮೇಲೆ ತಿಂಗ್ಳಿಗೊಂದ್ ಶನಿವಾರ ಬರ್ತಾಳೆ. ಅವಳ್ದು ಚೆನ್ನಾಗೈತೆ, ಅವಳು ಕೊಡ್ತಾಳೆ."

ಯೂನಿಟ್ಟಿನ ಗೇಟಿನ ಮುಂದೆ ಬಂದಾಗ ನಿಂತಳು. ಒಳಗಿಂದ ರಾಟೆಯ ಸದ್ದು ಬರುತ್ತಿತ್ತು.

"ಒಂದ್ ಮಾತು ಕೇಳಿ. ನಾನಿಲ್ದಾಗ ನಿಮ್ಗೆ ಹುಷಾರಿಲ್ದಿದ್ರೂ ಸರಿ, ಬೇಸಿನ್ ಬೇರೆಯವ್ರ ಪಾಲಾದ್ರೂ ಸರಿ. ಗೌತಮಿನ ಮಾತ್ರ ಅಲ್ಲಿ ನಿಲ್ಲಿಸ್ಬೇಡಿ."

ಆಗಲಿ ಎಂದೆ. ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡೆ.